ಇಂಜಿನ್ ಕೋಣೆಯ ಬಾಗಿಲು

ಹೊಗೆ ಅಳೆಯುವ ಮೀಟರನ್ನು ಕಿತ್ತು, ಆ ಜಾಗದಲ್ಲಿ ಒಂದು ಅಂದಾಜನ್ನು ಕೂಡಿಸಿದರು. ಅದಕ್ಕೇ ದತ್ತಪ್ಪ ಸತ್ತ. ಮಿಕ್ಕ ಮಾತೆಲ್ಲ ಸುಳ್ಳು.

ಕಮಲಾಪುರದ ಬಾಳೆತೋಟದ ಪಕ್ಕ ಸಗಣಿ ಗ್ಯಾಸಿನಿಂದ ಕರೆಂಟು ಮಾಡುವ ಇಂಜಿನ್ ಇದೆ. ಅದರ ಕಂಪ್ಯೂಟರಿಗೆ ಪಾಠ ಕಲಿಸಿದವಳು ಕಲಬುರಗಿಯ ನಮ್ಮ ಓಣಿಯ ಬುಶ್ರಾ. ಎಷ್ಟು ಕರೆಂಟು ಬರುತ್ತದೆ, ಕೋಣೆಯಲ್ಲಿ ಎಷ್ಟು ವಿಷದ ಹೊಗೆ ತುಂಬುತ್ತದೆ ಎಂದು ಅದು ಮೊದಲೇ ಹೇಳಬೇಕು. ಆದರೆ ಕಲಿಸಿದ್ದೆಲ್ಲ ಹಗಲಿನಲ್ಲಿ, ಬಾಗಿಲು ತೆರೆದಿಟ್ಟು. ಸಪ್ಪಳಕ್ಕೆ ಊರವರು ಬೈಯುತ್ತಾರೆಂದು ರಾತ್ರಿ ಬಾಗಿಲು ಹಾಕುವುದು ಅಲ್ಲಿಯ ರೂಢಿ. ಅದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಬುಶ್ರಾಳೂ ಕೇಳಿರಲಿಲ್ಲ.

"ಕಂಪ್ಯೂಟರ್ ಹೇಳ್ತದಲ್ಲ, ಮೀಟರ್ ಯಾಕ ಬೇಕು? ಬಿಚ್ಚಿ ಕಪನೂರಿನ ಗೋದಾಮಿಗಿ ಕಳಸ್ರಿ" ಎಂದ ಮಾಲೀಕ ವಿವೇಕಾನಂದ.

ಬಿಚ್ಚಿದವನು ಇಂಜಿನ್ ನೋಡಿಕೊಳ್ಳುವ ದತ್ತಪ್ಪ. ಬಿಚ್ಚಿದ ಸ್ಕ್ರೂಗಳನ್ನು ತನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಹಾಕುವುದು ಅವನ ಅಭ್ಯಾಸ. "ಒಂದ್ ಕಳದ್ರ ಸಾಹೇಬರು ನನ್ನ ಹಲ್ಲು ಕಿತ್ತಿ ಕೂಡಸ್ತಾರ್ರೀ ಮೇಡಂ" ಎಂದು ಬುಶ್ರಾಳಿಗೆ ಹೇಳಿ ನಗುತ್ತಿದ್ದ.

ಒಂದು ರಾತ್ರಿ ಮುಚ್ಚಿದ ಬಾಗಿಲ ಹಿಂದೆ ಹೆಣವಾಗಿ ಬಿದ್ದಿದ್ದ. ಪರದೆಯ ಮೇಲೆ ‘ಸುರಕ್ಷಿತ’ ಎಂದೇ ಇತ್ತು.

ಆಮೇಲೂ ಮಾಲೀಕನಿಗೆ ಬುದ್ಧಿ ಬರಲಿಲ್ಲ. ಇದೇ ಕಂಪ್ಯೂಟರನ್ನು ಬೇರೆ ಊರುಗಳಿಗೂ ಮಾರಬೇಕಿತ್ತು. ರಾತ್ರಿ ಇಂಜಿನ್ ನಡೆಸಿ ಪರದೆಯ ವಿಡಿಯೋ ಕಳಿಸು ಎಂದು ಬುಶ್ರಾಳಿಗೆ ತಾಕೀತು ಮಾಡಿದ.

ಬುಶ್ರಾ ಕೊನೆಯ ಬಸ್ಸಿಳಿದು ಹಳೇ ಬಾವಿಯ ಪಕ್ಕ ನಡೆದಳು. ಹಗ್ಗವಿಲ್ಲದ ಗಾಲಿ ತಿರುಗುತ್ತಿತ್ತು... ಕಿರ್ರ್... ಕಿರ್ರ್...

ಗೇಟಿನಲ್ಲಿ ಕಾವಲಿನ ಬುರ್ಹಾನುದ್ದೀನ್ ಪಿಸುಗುಟ್ಟಿದ. "ಬೇಟಿ, ಒಳಗ ಹೋಗಬ್ಯಾಡ."

"ಯಾಕ್ ಚಾಚಾ?"

"ಬಾಗಲ... ತಾನೇ ಮುಚ್ಚಾಕತ್ತದ."

"ಕಲ್ಲು ಇಡತೀನಿ ಬಿಡ್ರಿ."

ಕಲ್ಲಿಟ್ಟಳು. ಇಂಜಿನ್ ಚಾಲೂ ಮಾಡಿದಳು. ಢಗ್ ಢಗ್ ಢಗ್... ಅಷ್ಟರಲ್ಲಿ ಕಲ್ಲನ್ನು ಸರಿಸಿ ಬಾಗಿಲು ದಬ್! ಹೊರಗಿನ ಚಿಲಕ ಠಣ್ ಎಂದಿತು.

ತಳ್ಳಿದಳು. ಅಲ್ಲಾಡಲಿಲ್ಲ. ಗ್ಯಾಸಿನ ನಳ ತಿರುವಿದಳು. ಗ್ಯಾಸು ನಿಂತಿತು... ಇಂಜಿನ್ ನಿಲ್ಲಲಿಲ್ಲ. ಕಿರುಚಿದ್ದು ಅವಳಿಗೇ ಕೇಳಿಸಲಿಲ್ಲ. ತಲೆ ಸಿಡಿಯತೊಡಗಿತು. ಪರದೆ ನೋಡಿದಳು. ‘ಸುರಕ್ಷಿತ’. ತಾನೇ ಕಲಿಸಿದ ಪಾಠ.

ನೆಲಕ್ಕೆ ಕುಸಿದಳು. ಆಗ, ಇಂಜಿನ್ನಿನ ಅಷ್ಟು ಸಪ್ಪಳದಲ್ಲೂ, ಬಾಗಿಲ ಆಚೆ ಸ್ಪಷ್ಟವಾಗಿ...

ಕುಯ್ಯ್... ಕುಯ್ಯ್... ಬಿಗಿ ಸ್ಕ್ರೂ ತಿರುಗುವ ಸಪ್ಪಳ. ಆಮೇಲೆ ಟಿಣ್. ತಗಡಿನ ಮೇಲೆ ಬಿದ್ದ ಹಾಗೆ.

ಕುಯ್ಯ್... ಟಿಣ್.

"ಚಾಚಾ?"

"ಜರಾ ತಾಳ್ರೀ ಮೇಡಂ... ಇನ್ನೊಂದ್ ಉಳದದ."

ಟಿಣ್.

ಕಬ್ಬಿಣದ ಬಾಗಿಲು ಹೊರಗೆ ಬಿತ್ತು. ತೆವಳಿಕೊಂಡು ಬಂದಳು. ಯಾರೂ ಇಲ್ಲ. ಸಪ್ಪಳ ಕೇಳಿ ಗೇಟಿನಿಂದ ಬುರ್ಹಾನುದ್ದೀನ್ ಈಗಷ್ಟೇ ಓಡಿಬರುತ್ತಿದ್ದ.

ಬಿದ್ದ ಬಾಗಿಲ ಪಕ್ಕದಲ್ಲಿ ಡಬ್ಬಿಯ ಮುಚ್ಚಳ. ಅದರ ತುಂಬ ಬಾಗಿಲ ಕೀಲುಗಳ ಸ್ಕ್ರೂಗಳು.

ಬೆಳಿಗ್ಗೆ ಅದನ್ನು ದತ್ತಪ್ಪನ ಹೆಂಡತಿ ಭಾಗಮ್ಮನಿಗೆ ತೋರಿಸಿದರು. ಆಕೆ ಮುಚ್ಚಳವನ್ನು ತಿರುವಿ ನೋಡಿದಳು. "ನಮ್ಮದೇ ಅದ. ಆದ್ರ ಡಬ್ಬಿ, ಮುಚ್ಚಳ ಎರಡೂ ಪೆಟ್ಟಿಗ್ಯಾಗ ಇಟ್ಟೀನಲ್ರೀ... ಕೀಲಿ ನನ್ನ ಕೊಳ್ಳಾಗ ಅದ." ಪೆಟ್ಟಿಗೆ ತೆಗೆದಳು. ಡಬ್ಬಿ ಇತ್ತು. ಮುಚ್ಚಳ ಇರಲಿಲ್ಲ.

ನಡೆದದ್ದು ಇಷ್ಟು. ನಂಬದವರು ಹೋಗಿ ಭಾಗಮ್ಮನನ್ನು ಕೇಳಿ. ನಂಬಿದರೂ ಬಿಟ್ಟರೂ, ನಿಮ್ಮೂರಲ್ಲಿ ಇಂಥ ಇಂಜಿನ್ ಇದ್ದರೆ ನಾಳೆಯೇ ಹೋಗಿ. ಪರದೆ ನೋಡಬೇಡಿ. ಮೀಟರ್ ಎಲ್ಲಿದೆ ಎಂದು ಕೇಳಿ. ತೋರಿಸದಿದ್ದರೆ ಅವತ್ತೇ ಆ ಬಾಗಿಲು ಬಿಚ್ಚಿಹಾಕಿ.