ಎಂಟನೆಯ ವರ್ಷದ ಸ್ಕೋರ್ ಕಾರ್ಡು

ನಮ್ಮ ಕನ್ನಡ ಸಂಘದ ಅಧ್ಯಕ್ಷರೂ, ತಿರುಪ್ಪೂರಿನ ನೂಲಿನ ವ್ಯಾಪಾರಿಗಳೂ, ಈ ಸಭಾಂಗಣದ ಹದಿನೆಂಟು ಫ್ಯಾನುಗಳ ದಾನಿಗಳೂ ಆದ ಶ್ರೀ ಗೋವಿಂದಸಾಮಿಯವರೇ, ಈಗಷ್ಟೇ ನನ್ನ ಪುಸ್ತಕವನ್ನು ಬಿಡುಗಡೆ ಮಾಡಿದ ನೇತ್ರತಜ್ಞೆ ಡಾಕ್ಟರ್ ಕೃತ್ತಿಕಾ ಅವರೇ, ಗಾಂಧಿಪುರಂ ಬಸ್ ನಿಲ್ದಾಣದ ಗದ್ದಲವನ್ನು ದಾಟಿ, ಭಾನುವಾರದ ನಿದ್ದೆಯನ್ನು ಬಿಟ್ಟು, ಗಾಲ್ಫ್ ಆಟದ ಬಗ್ಗೆ ಭಾಷಣ ಎಂದು ಮೊದಲೇ ಗೊತ್ತಿದ್ದರೂ ಧೈರ್ಯ ಮಾಡಿ ಬಂದಿರುವ ಸಭಿಕರೇ, ನಿಮಗೆಲ್ಲ ವೃಷಭೇಂದ್ರನ ವಂದನೆಗಳು.

ಮೊದಲು ಫ್ಯಾನುಗಳ ವಿಷಯ. ಪ್ರತಿಯೊಂದು ಫ್ಯಾನಿನ ರೆಕ್ಕೆಯ ಮೇಲೂ ಅಧ್ಯಕ್ಷರ ಹೆಸರು ಬರೆದಿದೆ. ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ, ಕರೆಂಟು ಹೋದಾಗ ಮಾತ್ರ ಕಾಣುತ್ತದೆ. ಅಧ್ಯಕ್ಷರು ನಗುತ್ತಿದ್ದಾರೆ, ಆದ್ದರಿಂದ ಮುಂದುವರಿಯುತ್ತೇನೆ.

ಈ ದಿನ ನನಗೆ 'ಅಂಕಭೂಷಣ' ಎಂಬ ಬಿರುದನ್ನು ಕೊಟ್ಟಿದ್ದೀರಿ. ಬಿನ್ನವತ್ತಳೆಯನ್ನು ಓದಿದರು, ನೀವೂ ಕೇಳಿದಿರಿ. 'ಕೊಂಗು ಓಪನ್ ಗಾಲ್ಫ್ ಟೂರ್ನಮೆಂಟಿನ ಇಪ್ಪತ್ತೈದು ವರ್ಷಗಳಲ್ಲಿ ಸಾವಿರಾರು ಸ್ಕೋರ್ ಕಾರ್ಡುಗಳನ್ನು ಪರಿಶೀಲಿಸಿ, ಒಂದೇ ಒಂದು ತಪ್ಪನ್ನೂ ಮಾಡದ ಮಹನೀಯರು.' ಡಾಕ್ಟರ್ ಕೃತ್ತಿಕಾ ಅವರು ನನ್ನ ಕಣ್ಣನ್ನು ತಾವೇ ಪರೀಕ್ಷೆ ಮಾಡಿದವರು, ಅವರೂ ಅದೇ ಮಾತನ್ನು ಹೇಳಿದರು. ಆ ವಾಕ್ಯವನ್ನು ಬರೆದವರು ಯಾರು? ಸಂಘದ ಕಾರ್ಯದರ್ಶಿಗಳೇ? ಅಲ್ಲ. ಸನ್ಮಾನಿತರ ಪರಿಚಯ ಒಂದು ಪುಟದಲ್ಲಿ ಬೇಕು ಎಂದು ಅವರು ಕೇಳಿದರು. ಬರೆದು ಕೊಟ್ಟವನು ನಾನೇ.

ಇರಲಿ. ಟೂರ್ನಮೆಂಟಿನ ಚರಿತ್ರೆಗೆ ಬರುತ್ತೇನೆ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡನ್ನು ಕೋಲಿನಿಂದ ಹೊಡೆದು ದೂರದ ಒಂದು ಕುಳಿಗೆ ಬೀಳಿಸಬೇಕು. ಹೀಗೆ ಹದಿನೆಂಟು ಕುಳಿಗಳು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರೇ ಗೆದ್ದವರು. ಹೆಚ್ಚು ಕೆಲಸ ಮಾಡಿದವನು ಸೋಲುವ ಆಟ ಇದು. ನಮ್ಮ ಆಫೀಸುಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕ್ಲಬ್ಬು ಕಿಣತ್ತುಕಡವಿನ ಕಡೆಗೆ ಹೋಗುವ ದಾರಿಯಲ್ಲಿದೆ. ವರ್ಷಕ್ಕೊಂದು ವೃತ್ತಿಪರರ ಟೂರ್ನಮೆಂಟು ನಡೆಸಬೇಕು ಎಂದು ಸ್ಥಾಪಕ ಸದಸ್ಯರು ತೀರ್ಮಾನಿಸಿದಾಗ ಯಾವ ತಿಂಗಳು ಎಂಬ ಪ್ರಶ್ನೆ ಎದ್ದಿತು. ಸದಸ್ಯರೆಲ್ಲ ಮಿಲ್ಲುಗಳವರು, ಪಂಪು ಕಾರ್ಖಾನೆಗಳವರು. ಅವರಿಗೆ ವರ್ಷವಿಡೀ ಮದುವೆಗಳು. ಒಂದಕ್ಕೆ ಹೋಗಿ ಇನ್ನೊಂದನ್ನು ಬಿಟ್ಟರೆ ಜನ್ಮವಿಡೀ ವೈರ. ಮದುವೆಯೇ ಇಲ್ಲದ ತಿಂಗಳು ಯಾವುದು? ಆಡಿ. ಹಾಗಾಗಿ ಆಡಿಯಲ್ಲೇ, ಅಂದರೆ ತಮಿಳರ ಆಷಾಢದಲ್ಲೇ, ಟೂರ್ನಮೆಂಟು ಎಂದು ಠರಾವಾಯಿತು. ಆಡಿ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ಬರುವ ಗಾಳಿ ಆಟೋದ ಟಾರ್ಪಾಲನ್ನು ಹಾರಿಸುತ್ತದೆ ಎಂಬ ವಿಚಾರ ಯಾರಿಗೂ ಹೊಳೆಯಲಿಲ್ಲ. ಮೊದಲ ವರ್ಷ ಹನ್ನೊಂದು ಮಂದಿ ವೃತ್ತಿಪರರು ಬಂದರು. ಚೆಂಡುಗಳು ತೆಂಗಿನ ತೋಪಿಗೆ ಹಾರಿದವು. ಎರಡನೆಯ ವರ್ಷ ಒಂದು ನವಿಲು ಚೆಂಡನ್ನು ಕಚ್ಚಿಕೊಂಡು ಓಡಿತು. ಅದಕ್ಕೆ ನಿಯಮವೇನು ಎಂದು ನೋಡುವಷ್ಟರಲ್ಲಿ ಇನ್ನೊಂದು ನವಿಲು ಇನ್ನೊಂದು ಚೆಂಡನ್ನು ಕಚ್ಚಿಕೊಂಡು ಹೋಯಿತು. ಇವೆಲ್ಲ ಪುಸ್ತಕದಲ್ಲಿ ವಿವರವಾಗಿವೆ, ಕೊಂಡು ಓದಬೇಕಾಗಿ ವಿನಂತಿ.

ಇಂಥ ಟೂರ್ನಮೆಂಟಿಗೆ ನಾನು ಹೇಗೆ ಸೇರಿದೆ? ಹರಿಹರದಿಂದ ಪಂಪು ಕಾರ್ಖಾನೆಯ ಕೆಲಸಕ್ಕೆ ಬಂದವನು ನಾನು. ಕಂಪನಿಯೇ ಕ್ಲಬ್ಬಿಗೆ ಸೇರಿಸಿತು. ಆಟ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಕೂಡುವುದು ಬರುತ್ತಿತ್ತು, ಅಕ್ಷರವೂ ದುಂಡಗಿತ್ತು. 'ಮಿಸ್ಟರ್ ವೃಷಭೇಂದ್ರ, ಸ್ಕೋರು ನೀವೇ ನೋಡಿಕೊಳ್ಳಿ' ಅಂದರು. ಭಾಷೆ ಗೊತ್ತಿಲ್ಲದ ಊರಿನಲ್ಲಿ ಒಬ್ಬ ಮನುಷ್ಯನಿಗೆ ಒಂದು ಕುರ್ಚಿ, ಒಂದು ಟೆಂಟು, ಒಂದು ಪೆನ್ನು ಸಿಕ್ಕರೆ ಅವನು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ ಎಂಬುದು ಈ ಸಭೆಯಲ್ಲಿ ಅರ್ಧ ಜನಕ್ಕಾದರೂ ಗೊತ್ತು.

ಕ್ಲಬ್ಬಿನಲ್ಲಿ ನನಗೆ ಸಿಕ್ಕ ಮೊದಲ ಕನ್ನಡದ ಮಾತು ಕುಮರೇಶನ್ ಅವರದು. ಮೂರನೆಯ ಸಾಲಿನಲ್ಲಿ, ನೀಲಿ ಅಂಗಿಯಲ್ಲಿ ಕುಳಿತಿದ್ದಾರೆ, ಪಕ್ಕದಲ್ಲಿ ಅವರ ಮನೆಯವರು ಸರಣ್ಯಾ, ತಾಯಿ ಕಾಳಿಯಮ್ಮ. ಇವರದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ನೇಕಾರರ ಮನೆತನ, ಮನೆಮಾತು ಕನ್ನಡ. ಮಗ್ಗದ ಕೆಲಸ ನಿಂತ ಮೇಲೆ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕುಮರೇಶನ್ ಕ್ಲಬ್ಬಿಗೆ ಕ್ಯಾಡಿಯಾಗಿ ಬಂದರು, ಅಂದರೆ ಸದಸ್ಯರ ಚೀಲ ಹೊರುವ ಕೆಲಸ. ನನ್ನ ಮೊದಲ ಹೊಡೆತಕ್ಕೆ ಚೆಂಡು ಕದಲಲಿಲ್ಲ, ಹುಲ್ಲು ಮಾತ್ರ ಹಾರಿತು. ಹಿಂದಿನಿಂದ ಯಾರೋ ಮೆಲ್ಲಗೆ, 'ಅಯ್ಯೋ ಪಾವಂ, ಹುಲ್ಲೇನ್ ತಪ್ಪು ಮಾಡಿತ್ತು' ಅಂದರು. ತಿರುಗಿ ನೋಡಿದೆ. 'ಸಾರ್‌ಗೆ ಕನ್ನಡ ಬರ್ತದಾ?' ಎಂದು ಅವರು ನಾಲಿಗೆ ಕಚ್ಚಿಕೊಂಡರು. ಅವತ್ತಿನಿಂದ ನನಗೆ ಬೇರೆ ಕ್ಯಾಡಿ ಇಲ್ಲ.

ಸೋಮವಾರ ಕ್ಲಬ್ಬಿಗೆ ರಜೆ. ಅಂದು ಕ್ಯಾಡಿಗಳು ಆಡಬಹುದು, ಇಷ್ಟವಿದ್ದ ಸದಸ್ಯರು ಅವರ ಜೊತೆ ಸೇರಬಹುದು. ಆ ಆಟಕ್ಕೊಂದು ಪದ್ಧತಿ ಇತ್ತು. ಏಳನೆಯ ಕುಳಿಯ ಪಕ್ಕದಲ್ಲಿ ಅಂಗಮ್ಮನ ಟೀ ಅಂಗಡಿ. ಅಲ್ಲಿ ಸದಸ್ಯ ಟೀ ಕುಡಿಸಬೇಕು. ಅದಕ್ಕೆ ಪ್ರತಿಯಾಗಿ ಕ್ಯಾಡಿ ಆ ಕುಳಿಯಲ್ಲಿ ತನ್ನ ಹೆಸರಿಗೆ ಒಂದು ಹೊಡೆತ ಹೆಚ್ಚಿಗೆ ಬರೆಸಿಕೊಳ್ಳಬೇಕು. 'ಮರಿಯಾದೆ ಅಡಿ' ಎಂದು ಅದರ ಹೆಸರು, ಮರ್ಯಾದೆಯ ಏಟು. ಕ್ಯಾಡಿ ಸದಸ್ಯನನ್ನು ಮೀರಿದ ಎಂದಾಗಬಾರದಲ್ಲ. ಇದನ್ನು ಯಾರು ಶುರು ಮಾಡಿದರು? ಯಾರಿಗೂ ಗೊತ್ತಿಲ್ಲ. ಯಾರು ನಿಲ್ಲಿಸಿದರು? ಯಾರೂ ಇಲ್ಲ. ಎಂಟು ವರ್ಷ ಪ್ರತಿ ಸೋಮವಾರ ಕುಮರೇಶನ್ ಅವರ ಕಾರ್ಡನ್ನು ಬರೆದವನು ನಾನು. ಮೂರು ಹೊಡೆದರೆ ನಾಲ್ಕು, ನಾಲ್ಕು ಹೊಡೆದರೆ ಐದು. ನಡುವೆ ಅವರು ಪರೀಕ್ಷೆ ಪಾಸು ಮಾಡಿ ವೃತ್ತಿಪರ ಆಟಗಾರರಾದರು. ಆಮೇಲೂ ಸೋಮವಾರ ಬರುತ್ತಿದ್ದರು, ಆಮೇಲೂ ಟೀ, ಆಮೇಲೂ ಒಂದು ಹೊಡೆತ. ಅಂಥ ಒಂದು ಸೋಮವಾರ, ಆಟ ಬಾರದವನಿಗೆಂದು ಕೊಡುವ ರಿಯಾಯಿತಿ ಹೊಡೆತಗಳನ್ನೆಲ್ಲ ಕಳೆದ ಮೇಲೆ, ನಾನು ಅವರನ್ನು ಒಂದು ಹೊಡೆತದಿಂದ ಸೋಲಿಸಿದ ನೆನಪಿಗೆ ಪುಟ್ಟದೊಂದು ಹಿತ್ತಾಳೆಯ ಕಪ್ಪು ನಮ್ಮ ಮನೆಯ ಶೋಕೇಸಿನಲ್ಲಿದೆ. ನನ್ನ ಹೆಂಡತಿ ಚಂದ್ರಾ ಅದರಲ್ಲಿ ಸೇಫ್ಟಿ ಪಿನ್ನು ಹಾಕಿಡುತ್ತಾಳೆ.

ಅಧ್ಯಕ್ಷರಿಂದ ಚೀಟಿ ಬಂದಿದೆ. 'ಐದು ನಿಮಿಷ' ಎಂದಿದೆ. ಆಗಲಿ.

ಎಂಟನೆಯ ವರ್ಷದ ಟೂರ್ನಮೆಂಟು, ಪುಟ ಅರವತ್ತೊಂದು. ನಾಲ್ಕು ದಿನದ ಆಟದಲ್ಲಿ ಮೂರು ದಿನ ಮುಗಿದಾಗ ಕುಮರೇಶನ್ ಆರು ಹೊಡೆತ ಹಿಂದಿದ್ದರು. ಕೊನೆಯ ದಿನ ಬೆಳಿಗ್ಗೆಯೇ ಹೊರಟ ಜೋಡಿ ಅವರದು. ವೃತ್ತಿಪರರಲ್ಲಿ ಒಬ್ಬರ ಕಾರ್ಡನ್ನು ಜೊತೆಗಾರ ಬರೆಯುತ್ತಾನೆ. ಆ ಜೊತೆಗಾರ ನಾಲ್ಕನೆಯ ಕುಳಿಯಲ್ಲಿ ಸೊಂಟ ಹಿಡಿದುಕೊಂಡು ವಾಪಸು ಹೋದರು. ಕಾರ್ಡು ಬರೆಯಲು ಸಮಿತಿಯಿಂದ ಒಬ್ಬರು ಬೇಕಾಯಿತು. ನಾನೇ ಹೋದೆ, ಖುಷಿಯಿಂದ ಹೋದೆ.

ಆ ದಿನದ ಆಟವನ್ನು ನಾನು ವರ್ಣಿಸಲಾರೆ. ಗಾಳಿ ಎಲ್ಲರ ಚೆಂಡನ್ನೂ ಎಳೆದಾಡುತ್ತಿತ್ತು, ಇವರ ಚೆಂಡು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ನೂಲಿನ ಎಳೆ ತುಂಡಾಗದಂತೆ ಎಷ್ಟು ಬೇಕೋ ಅಷ್ಟೇ ಎಳೆಯುವ ಕೈ ಅದು. ಏಳನೆಯ ಕುಳಿಯಲ್ಲಿ ಮೂರೇ ಹೊಡೆತದಲ್ಲಿ ಮುಗಿಸಿದರು. ಅಂಗಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ನಾನು ಟೀ ಕುಡಿಯಲಿಲ್ಲ, ಕುಡಿಸಲೂ ಇಲ್ಲ. ಆದರೆ ಕಾರ್ಡು ತೆಗೆದು, ಎಂಟು ವರ್ಷ ಹೇಗೆ ಬರೆಯುತ್ತಿದ್ದೆನೋ ಹಾಗೆಯೇ, ದುಂಡಗೆ ನಾಲ್ಕು ಎಂದು ಬರೆದೆ.

ಅವರು ಆಟ ಮುಗಿಸಿದ ಮೇಲೆ ಟೆಂಟಿನಲ್ಲಿ ಕಾರ್ಡನ್ನು ಅವರ ಮುಂದಿಟ್ಟೆ. ಇಲ್ಲೊಂದು ನಿಯಮ ಹೇಳಬೇಕು. ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಆಟಗಾರ ಸಹಿ ಹಾಕಿದರೆ ಟೂರ್ನಮೆಂಟಿನಿಂದ ಹೊರಗೆ. ಹೆಚ್ಚು ಬರೆದದ್ದಕ್ಕೆ ಸಹಿ ಹಾಕಿದರೆ ಆ ಹೆಚ್ಚೇ ಅವನ ಸ್ಕೋರು, ಆಮೇಲೆ ತಿದ್ದುವಂತಿಲ್ಲ. ಕುಮರೇಶನ್ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ನೋಡಿದರು. ಏಳನೆಯದರ ಮೇಲೆ ಬೆರಳು ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದರು. 'ಏನು, ಸರಿ ಇದೆಯಾ?' ಅಂದೆ. ಇನ್ನೊಮ್ಮೆ ಕಾರ್ಡು ನೋಡಿ, 'ನೀವು ಬರ್ದಿದ್ದಲ್ಲವಾ ಸಾರ್, ಸರಿಯಾಗೇ ಇರ್ತದೆ' ಎಂದು ಸಹಿ ಹಾಕಿದರು. ಈ ಮಾತನ್ನು ನಾನು ಹದಿನೇಳು ವರ್ಷಗಳಿಂದ ಹೋದಲ್ಲೆಲ್ಲ ಹೇಳಿಕೊಂಡಿದ್ದೇನೆ. ಒಬ್ಬ ಆಟಗಾರ ಸ್ಕೋರರ್ ಮೇಲೆ ಇಡುವ ನಂಬಿಕೆಗೆ ಉದಾಹರಣೆ ಎಂದು ರೋಟರಿಯಲ್ಲಿ ಎರಡು ಸಲ ಹೇಳಿದ್ದೇನೆ.

ಸಂಜೆ ಎಲ್ಲರ ಆಟ ಮುಗಿದಾಗ ಕುಮರೇಶನ್ ಮತ್ತು ಪುಣೆಯ ಒಬ್ಬ ಆಟಗಾರ ಸಮ. ಇಬ್ಬರೂ ಪ್ಲೇ ಆಫ್ ಆಡಿದರು, ಅಂದರೆ ಗೆಲ್ಲುವವರು ಯಾರೆಂದು ತೀರುವವರೆಗೆ ಇನ್ನೊಂದು ಕುಳಿ. ಎರಡಡಿ ದೂರದಿಂದ ಕುಮರೇಶನ್ ಅವರ ಚೆಂಡು ಕುಳಿಯ ಅಂಚಿಗೆ ತಾಗಿ ಆಚೆ ಹೋಯಿತು. ಪುಣೆಯವರು ಗೆದ್ದರು. ಗೆದ್ದವರಿಗೆ ಎರಡು ವರ್ಷ ದೇಶದ ಎಲ್ಲ ಟೂರ್ನಮೆಂಟುಗಳಿಗೂ ನೇರ ಪ್ರವೇಶ. ಮೂವತ್ತೈದು ವರ್ಷದ ಕುಮರೇಶನ್ ಎರಡು ಸಲ ಅರ್ಹತಾ ಸುತ್ತು ಆಡಿದರು, ದಾಟಲಾಗಲಿಲ್ಲ, ಬಿಟ್ಟರು. ಈಗ ಕಿಣತ್ತುಕಡವಿನ ಬಳಿ ತೆಂಗಿನ ಮರಗಳ ನಡುವೆ ಬಲೆ ಕಟ್ಟಿ ಆಟ ಕಲಿಸುತ್ತಾರೆ.

ನನಗೆ ಯಾವಾಗ ತಿಳಿಯಿತು? ಟೂರ್ನಮೆಂಟು ಮುಗಿದ ಮೂರನೆಯ ದಿನ. ಕಾರ್ಡುಗಳನ್ನು ರಿಜಿಸ್ಟರಿಗೆ ಅಂಟಿಸುತ್ತಿದ್ದೆ. ಏಳನೆಯ ಮನೆಯ ನಾಲ್ಕನ್ನು ನೋಡಿದೆ, ಅಂಗಮ್ಮನ ಚಪ್ಪಾಳೆ ನೆನಪಾಯಿತು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ಲೇ ಆಫೇ ಇಲ್ಲ, ಕುಮರೇಶನ್ ಗೆದ್ದವರು. ನಿಯಮದ ಪುಸ್ತಕ ತೆಗೆದೆ. ಬಹುಮಾನ ಕೊಟ್ಟ ಮೇಲೆ ಬದಲಾಯಿಸುವಂತಿಲ್ಲ ಎಂದಿತ್ತು. ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಹೇಳಿದರೂ ಪ್ರಯೋಜನವಿಲ್ಲ ಎಂದುಕೊಂಡೆ, ಅಂಟು ಹಚ್ಚಿದೆ, ಕಾರ್ಡನ್ನು ಒತ್ತಿದೆ.

ಪುಸ್ತಕದಲ್ಲಿ ಆ ಸಂಜೆಯ ಬಗ್ಗೆ ಒಂದು ಸಾಲು ಬರೆದಿದ್ದೇನೆ: 'ಒತ್ತಡಕ್ಕೆ ಸ್ಥಳೀಯ ಆಟಗಾರನ ಕೈ ನಡುಗಿತು.' ಒಳ್ಳೆಯ ವಾಕ್ಯ ಎಂದು ಸಂತೋಷಪಟ್ಟಿದ್ದೆ. ಕುಮರೇಶನ್ ಅವರಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಪುಸ್ತಕದಲ್ಲಿ ಅವರ ಹೆಸರಿದೆಯಲ್ಲ, ಓದಿ ಹೇಳೋಣ ಎಂದು ಕಳೆದ ಗುರುವಾರ ಅವರ ಮನೆಗೆ ಹೋದೆ. ಕಾಳಿಯಮ್ಮ ಕಾಫಿ ಕೊಟ್ಟರು. ನಾನು ಗಟ್ಟಿಯಾಗಿ, ಭಾವಪೂರ್ಣವಾಗಿ ಓದಿದೆ.

ಅವರು ಕೇಳಿಸಿಕೊಂಡು ಹೇಳಿದರು: 'ಕೈ ಎಲ್ಲಿ ಸಾರ್ ನಡುಗ್ತು? ನೀವು ನಾಲ್ಕು ಬರ್ದಿರಿ. ನಾನು ಮೂರು ಅಲ್ಲವಾ ಹೊಡೆದದ್ದು. ನೋಡ್ದೆ, ತಿರುಗಾ ನೋಡ್ದೆ. ಸೋಮವಾರದ ಪಳಕ್ಕ, ಅದೇ ಮರಿಯಾದೆ ಅಡಿ, ಇಲ್ಲೂ ಇದೆ ಅಂತ ಸಾರ್ ನೆನಪು ಮಾಡ್ತಾವ್ರೆ, ಇಷ್ಟು ದೊಡ್ಡ ಕಪ್ಪು ನಿನಗೆ ವೇಣಾ ಅಂತಾವ್ರೆ ಅಂದ್ಕಂಡೆ. ಸಾರೇ ಬೇಡ ಅಂದಮೇಲೆ ಅಪ್ಪುರಂ ನಾನು ಹ್ಯಾಂಗೆ ಗೆಲ್ಲೋದು? ಕೈಗೆ ಮನಸ್ಸೇ ಬರಲಿಲ್ಲ ಸಾರ್. ಪರವಾಯಿಲ್ಲೆ, ಕಾಪಿ ಆರ್ತದೆ, ಕುಡೀರಿ.'

ನಾನು ಕಾಫಿ ಕುಡಿದೆ. ಕುಡಿದು, ಉಕ್ಕಡಂ ಬಸ್ಸು ಹತ್ತಿ ಬಂದುಬಿಟ್ಟೆ. ಬಿರುದಿನ ಫಲಕ ಆಗಲೇ ಕೆತ್ತನೆಗೆ ಹೋಗಿತ್ತು. ಚಂದ್ರಾ ಬಾಗಿಲು ತೆಗೆದು ನನ್ನ ಮುಖ ನೋಡಿ, 'ಏನ್ರೀ, ಯಾರಾದರೂ ಹೋಗಿಬಿಟ್ರಾ?' ಅಂದಳು.

ಎರಡನೆಯ ಚೀಟಿ ಬಂದಿದೆ, ನಾನು ಓದುವುದಿಲ್ಲ.

ಶಾಲನ್ನು ವಾಪಸು ಕೊಡುವ ನಾಟಕ ನನಗೆ ಬೇಡ, ಬಣ್ಣವೂ ಚಂದ್ರಾಳಿಗೆ ಹಿಡಿಸಿದೆ. ಬಿರುದನ್ನು ಏನು ಮಾಡಬೇಕೆಂದು ಸಂಘ ತೀರ್ಮಾನಿಸಲಿ. ಆದರೆ ಕುಮರೇಶನ್, ನಾನು ಬೇಕೆಂದು ಬರೆಯಲಿಲ್ಲ. ಅದನ್ನು ಗುರುವಾರವೇ ನಿಮ್ಮ ಮನೆಯಲ್ಲಿ ಹೇಳಬೇಕಿತ್ತು, ಹದಿನೇಳು ವರ್ಷದ ಹಿಂದೆಯೇ ಹೇಳಬೇಕಿತ್ತು. ಯೋಚಿಸದೆ ಬರೆದೆ. ಎಂಟು ವರ್ಷ ಪ್ರತಿ ಸೋಮವಾರ ನಿಮ್ಮದೊಂದು ಹೊಡೆತವನ್ನು ತೆಗೆದುಕೊಂಡು, ಅದು ನಿಮ್ಮದು ಎಂದು ಒಂದು ಸಲವೂ ಯೋಚಿಸದವನು ನಾನು, ಅವತ್ತೂ ಯೋಚಿಸಲಿಲ್ಲ. ಇದು ಕ್ಷಮೆಗೆ ಕಾರಣವಲ್ಲ, ಆದರೂ ಕೇಳುತ್ತಿದ್ದೇನೆ. ನಿಮ್ಮ ತಾಯಿಯವರ ಮುಂದೆ, ಎಲ್ಲರೂ ಕೇಳಿಸಿಕೊಳ್ಳುವ ಹಾಗೆ ಕೇಳುತ್ತಿದ್ದೇನೆ.

ಪುಣೆಯವರ ಹೆಸರು ಕಪ್ಪಿನ ಮೇಲೆ ಹಾಗೆಯೇ ಇರುತ್ತದೆ, ನಿಯಮ ಹಾಗಿದೆ. ಪುಸ್ತಕ ಅಚ್ಚಾಗಿ ಹೋಗಿದೆ. ಕೊಂಡವರು ದಯವಿಟ್ಟು ಪೆನ್ನು ತೆಗೆದು, ಪುಟ ಅರವತ್ತೊಂದರಲ್ಲಿ, ಕೈ ನಡುಗಿತು ಎಂಬ ಸಾಲನ್ನು ಹೊಡೆದು ಹಾಕಿ. ಪಕ್ಕದಲ್ಲಿ ಜಾಗವಿದೆ, ನಾನು ಹೇಳಿದಂತೆ ಬರೆದುಕೊಳ್ಳಿ.

ಅಧ್ಯಕ್ಷರಿಗೆ, ಮುಖ್ಯ ಅತಿಥಿಗಳಿಗೆ, ಕೊಟ್ಟ ಹತ್ತು ನಿಮಿಷಕ್ಕೆ ಇಪ್ಪತ್ತು ನಿಮಿಷ ಸಹಿಸಿಕೊಂಡ ನಿಮಗೆಲ್ಲರಿಗೂ ಕೃತಜ್ಞತೆಗಳು. ಬರೆದುಕೊಳ್ಳಿ: ಏಳನೆಯ ಕುಳಿ, ಕುಮರೇಶನ್, ಮೂರು.

ನಮಸ್ಕಾರ.