ನೀರು ಕುಡಿಯುತ್ತಿದ್ದ ಬ್ಯಾಟರಿ

ಲಾಯಿಲದಿಂದ ಒಳಗೆ ಹೋಗುವ ರಸ್ತೆಯಲ್ಲಿ ಒಂದು ಆಲದ ಮರ ಉಂಟು. ಅದರ ಪಕ್ಕ ಕಟ್ಟೆ ಕುಸಿದ ಬಾವಿ. ಕಳೆದ ವರ್ಷ ತುಳುವರ ಸೋಣ ತಿಂಗಳಿನಲ್ಲಿ, ಅಂದರೆ ಸೆಪ್ಟೆಂಬರ್ ಮೊದಲಿಗೆ, ರಾತ್ರಿ ಒಂಬತ್ತೂವರೆಗೆ, ನನ್ನ ಚಿಕ್ಕಮ್ಮನ ಮಗಳು ತೃಪ್ತಿ ಆ ದಾರಿಯಲ್ಲಿ ನಡೆದು ಬಂದಳು... ಒಬ್ಬಳೇ. ಕೈಯಲ್ಲಿ ಅರ್ಧ ಖಾಲಿಯಾದ ಡಿಸ್ಟಿಲ್ಡ್ ವಾಟರಿನ ಕ್ಯಾನು.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹದಿನೇಳು ದೇಶ ಸುತ್ತಿದ್ದೇನೆ. ದೆವ್ವ ಉಂಟು ಎಂದು ಹೆಚ್ಚು ಬಾಡಿಗೆ ಕೇಳುವ ಹೋಟೆಲಿನಲ್ಲೂ ಮಲಗಿದ್ದೇನೆ. ಅಲ್ಲಿ ನನಗೆ ಸಿಕ್ಕಿದ್ದು ತಿಗಣೆ. ಆದರೆ ಆ ವಾರ ನಾನು ತೃಪ್ತಿಯ ಮನೆಯಲ್ಲೇ ಇದ್ದೆ. ಅವಳಿಗೆ ಬಾಗಿಲು ತೆಗೆದವಳು ನಾನೇ.

ನಡೆಯಬೇಕಾಗಿ ಬಂದದ್ದು ಕಾರು ನಿಂತದ್ದರಿಂದ. ತೃಪ್ತಿಯ ಗಂಡ ಮಸ್ಕತ್ತಿನಲ್ಲಿ. ಇವಳಿಗೆ ಮೆಲ್ಕಾರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ದಿನಾ ಹೋಗಿ ಬರುವುದು ಅವಳಪ್ಪನ ಹಳೇ ಕಾರಿನಲ್ಲಿ. ಅವಳಪ್ಪ ಅಂದರೆ ನನಗೆ ಸುಬ್ಬಯ್ಯ ಚಿಕ್ಕಪ್ಪ. ಅವರು ತೀರಿಕೊಂಡು ಆಗ ಎಂಟು ತಿಂಗಳು.

ಸೋಣಕ್ಕೆ ಮುಂಚಿನ ಆಟಿ ತಿಂಗಳು ಕಳೆದ ಮೇಲೆ ಆ ಕಾರಿಗೆ ಒಂದು ವಾಸನೆ ಹಿಡಿಯಿತು. ಕೊಳೆತ ಮೊಟ್ಟೆಯ ವಾಸನೆ. ಹೆಡ್‌ಲೈಟು ಎದುರಿನವರು ಬೈಯುವಷ್ಟು ಬೆಳ್ಳಗಾಯಿತು. ವಾರಕ್ಕೊಂದು ಬಲ್ಬು ಹೋಗತೊಡಗಿತು. ಕೊನೆಗೆ ಮೆಲ್ಕಾರಿನ ಮೆಕ್ಯಾನಿಕ್ ಹಸೈನಾರ್ ಬಾನೆಟ್ ಎತ್ತಿ ನೋಡಿದರು. ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಮುಚ್ಚಳ ಬಿಚ್ಚಿದರೆ ಒಳಗೆ ಪ್ಲೇಟುಗಳು ಒಣಗಿ ಕಾಣುತ್ತಿದ್ದವು.

"ಇದು ನೀರು ಕುಡಿಯುತ್ತಾ ಉಂಟಲ್ಲ ಅಕ್ಕ," ಎಂದರು. ಇಂಜಿನ್ ಚಾಲೂ ಮಾಡಿಸಿ ಮೀಟರ್ ಹಿಡಿದರು. "ಹದಿನಾರೂವರೆ ವೋಲ್ಟ್. ಹದಿನಾಲ್ಕೂವರೆ ದಾಟಬಾರದು. ಸಾಕು ಅಂತ ಹೇಳುವುದು ರೆಗ್ಯುಲೇಟರ್. ಅದು ಸತ್ತಿದೆ. ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿಗೆ ಇನ್ನು ಹೇಗೆ ಗೊತ್ತಾಗಬೇಕು? ಹೊಟ್ಟೆ ತುಂಬಿದವನಿಗೆ ಬಡಿಸ್ತಾನೇ ಉಂಟು. ಒಳಗಿನ ನೀರೆಲ್ಲ ಕುದಿದು ಗ್ಯಾಸಾಗಿ ಹೋಗ್ತದೆ."

"ನಮ್ಮ ಕಡೆಯ ಮದುವೆಯಲ್ಲಿ ಬಡಿಸಿದ ಹಾಗೆ," ಎಂದಳು ತೃಪ್ತಿ.

"ಅಲ್ಲಿ ಎಲೆ ಮಡಚಿ ಏಳಬಹುದು. ಇದಕ್ಕೆ ಏಳ್ಲಿಕ್ಕೆ ಆಗ್ತದಾ?"

ಹೊಸ ರೆಗ್ಯುಲೇಟರ್ ಮಂಗಳೂರಿನಿಂದ ಸೋಮವಾರ ಬರುವುದೆಂದಾಯಿತು. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ ಎಂದರು ಹಸೈನಾರ್. ಕಾರು ತೆಗೆಯಲೇಬೇಕಾದರೆ ದಿನಾ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ನೀರಿಗೆ ಜಿಪುಣತನ ಮಾಡಬೇಡಿ.

ತೃಪ್ತಿ ಕಾರು ತೆಗೆದಳು. ದಿನಾ ನೀರೂ ಹಾಕಿದಳು. ಆದರೆ ಅರ್ಧ ಲೋಟ... ಅಳೆದು.

ಅವಳ ಕೈಗೆ ಬೇರೆ ಅಳತೆ ಗೊತ್ತಿರಲಿಲ್ಲ. ಕಿಡ್ನಿ ಹೋದ ಅಪ್ಪನನ್ನು ಮೂರು ವರ್ಷ, ವಾರಕ್ಕೆ ಎರಡು ಸಲ, ಮೂಡುಬಿದಿರೆಗೆ ಡಯಾಲಿಸಿಸಿಗೆ ಕರೆದುಕೊಂಡು ಹೋದವಳು ಅವಳು. ನೀರಿಗೆ ಡಾಕ್ಟರು ಮಿತಿ ಹಾಕಿದ್ದರು. ಇವಳು ಗಾಜಿನ ಲೋಟದ ನಡುವಿಗೆ ಉಗುರುಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆದಳು. ಒಮ್ಮೆಗೆ ಅಷ್ಟೇ. ನೆಂಟರ ಮನೆಯಲ್ಲಿ ಎಲ್ಲರೆದುರು ಬೆಲ್ಲ ನೀರು ಬರುವಾಗ ಚಿಕ್ಕಪ್ಪ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಸಂಜೆಯಾದರೆ ತುಳುವಿನಲ್ಲಿ ಒಂದೇ ಪ್ರಶ್ನೆ: "ಇನಿತ ಮುಗಿಂಡಾ ಮಗಾ?" ಇವತ್ತಿನ ನೀರಿನ ಪಾಲು ಮುಗಿಯಿತಾ ಅಂತ.

ಕೊನೆಯ ದಿನವೂ ಅದನ್ನೇ ಕೇಳಿದರು. ಡಯಾಲಿಸಿಸ್ ಮುಗಿಸಿ ಬರುತ್ತಾ, ಇದೇ ಆಲದ ಮರದ ಹತ್ತಿರ. "ಮುಗಿದಿದೆ ಅಪ್ಪ, ನಾಳೆ ಬೆಳಿಗ್ಗೆ ಕೊಡ್ತೇನೆ," ಎಂದಳು. "ಆಯ್ತು," ಎಂದರು. ಮನೆ ಅಂಗಳದಲ್ಲಿ ಕಾರು ನಿಲ್ಲಿಸಿ ಆ ಕಡೆಯ ಬಾಗಿಲು ತೆಗೆದಾಗ ಅವರು ಇರಲಿಲ್ಲ. ಬೆಲ್ಟು ಹಾಕಿಕೊಂಡು ಕೂತ ಹಾಗೇ ಹೋಗಿದ್ದರು.

ಅಂದಿನಿಂದ ತೃಪ್ತಿಗೆ ನಿದ್ದೆ ಇಲ್ಲ. ಆ ಒಂದು ಗುಟುಕು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಮೂರು ಡಾಕ್ಟರರ ಹತ್ತಿರ ಕೇಳಿದ್ದಾಳೆ. ಮೂವರೂ ಏನೂ ಆಗುತ್ತಿರಲಿಲ್ಲ ಎಂದರಂತೆ. ಅವರು ಸಮಾಧಾನಕ್ಕೆಂದು ಹೇಳಿದ್ದು; ಇವಳಿಗೆ ಕೇಳಿಸಿದ್ದು ಹಾಗಾದರೆ ಕೊಡಬಹುದಿತ್ತು ಎಂದು.

ಇನ್ನು ಆ ರಾತ್ರಿ.

ಅಡ್ಮಿಶನ್ ಕೆಲಸ ಮುಗಿಯುವಾಗ ಕತ್ತಲಾಗಿತ್ತು. ಮಡಂತ್ಯಾರು ದಾಟುವಾಗ ಒಂದು ಹೆಡ್‌ಲೈಟು ಹೋಯಿತು... ಪಟ್. ಬಾನೆಟ್ಟಿನ ಒಳಗೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ, ಚುಂಯ್ ಚುಂಯ್. ಮೊಟ್ಟೆ ವಾಸನೆಗೆ ಗಾಜು ಇಳಿಸಿ ಬಂದಳು. ಒಳರಸ್ತೆಯ ತಿರುವಿನಲ್ಲಿ ನಿಧಾನ ಮಾಡಿದ್ದೇ ಇಂಜಿನ್ ನಿಂತಿತು. ಕೀ ತಿರುಗಿಸಿದರೆ ಟಿಕ್... ಟಿಕ್... ಅಷ್ಟೇ.

ಇಳಿದಳು. ಬ್ಯಾಗು, ಕ್ಯಾನು ಹಿಡಿದು ನಡೆದಳು. ಮಳೆ ಇರಲಿಲ್ಲ. ಹೆಜ್ಜೆಗೊಮ್ಮೆ ಕ್ಯಾನಿನೊಳಗೆ ನೀರು ಅಲುಗುತ್ತಿತ್ತು. ಗುಳುಂ... ಗುಳುಂ... ಗುಳುಂ.

ಆಲದ ಮರದ ಹತ್ತಿರ ಚಪ್ಪಲಿಗೆ ಕಲ್ಲು ಸಿಕ್ಕಿತು. ನಿಂತಳು.

ಗುಳುಂ... ಗುಳುಂ.

ಕ್ಯಾನನ್ನು ಎದೆಗೆ ಒತ್ತಿ ಹಿಡಿದಳು. ಅದರೊಳಗೆ ನೀರು ಅಲುಗುತ್ತಿರಲಿಲ್ಲ. ಶಬ್ದ ಬಾವಿಯ ಕಡೆಯಿಂದ... ಯಾರೋ ಖಾಲಿ ಗಂಟಲಿನಲ್ಲಿ ನುಂಗುವ ಶಬ್ದ. ಬರೀ ಉಗುಳು ನುಂಗುವುದು. ಮೂರು ವರ್ಷ ಪಕ್ಕದ ಸೀಟಿನಲ್ಲಿ ಕೇಳಿದ್ದ ಶಬ್ದ ಅದು.

"ಅಪ್ಪ?"

ಆಲದ ಎಲೆಯೂ ಅಲುಗಲಿಲ್ಲ. ಆಮೇಲೆ, ಕಿವಿಯ ಹತ್ತಿರವೇ, ಸುಸ್ತಾದ ಸ್ವರ...

"ಇನಿತ ಮುಗಿಂಡಾ ಮಗಾ?"

ಅವಳು ಓಡಲಿಲ್ಲ. ಓಡುವ ಶಕ್ತಿ ಇರಲಿಲ್ಲ ಎಂದಳು ನನಗೆ, ಬೆಳಿಗ್ಗೆ ಏಳಕ್ಕೆ ಹೊರಟವಳು.

"ಇಲ್ಲ ಅಪ್ಪ," ಎಂದಳಂತೆ ಮೆಲ್ಲಗೆ. "ಉಂಟು. ಬನ್ನಿ, ಕೊಡ್ತೇನೆ."

ಮನೆಗೆ ಬಂದವಳು ನನ್ನ ಮುಖ ನೋಡಲಿಲ್ಲ. ನೇರ ಅಡಿಗೆಕೋಣೆಗೆ ಹೋಗಿ ಕಪಾಟಿನ ಹಿಂದಿನಿಂದ ಆ ಲೋಟ ತೆಗೆದಳು. ಹೂಜಿಯ ನೀರು ಹೊಯ್ದಳು. ಕೈ ತಾನಾಗಿಯೇ ಗೆರೆಯ ಹತ್ತಿರ ನಿಂತಿತು. ನಾನು ನೋಡುತ್ತಿದ್ದೆ.

"ಅಕ್ಕ, ಆಟಿಯಲ್ಲಿ ಸತ್ತವರಿಗೆ ಬಡಿಸುವ ದಿನ ಅಪ್ಪನಿಗೆ ಎಲೆ ಹಾಕಿ ಬಡಿಸಿದೆವಲ್ಲ," ಎಂದಳು. "ಅನ್ನ, ಕೋಳಿ, ಎಲ್ಲ ಇಟ್ಟೆ. ನೀರಿಗೆ ಇದೇ ಲೋಟ ಇಟ್ಟಿದ್ದೆ."

"ಅದಕ್ಕೇನು?"

"ಗೆರೆಯವರೆಗೆ ಮಾತ್ರ ಹಾಕಿದ್ದೆ. ಅಭ್ಯಾಸ ಬಲದಲ್ಲಿ. ಯಾರೂ ನೋಡ್ಲಿಲ್ಲ."

ನಾನು ಸತ್ತವರ ಬಗ್ಗೆ ಬುದ್ಧಿವಂತಿಕೆಯ ಮಾತು ಬೇಕಾದಷ್ಟು ಕೇಳಿದ್ದೇನೆ, ನಾಲ್ಕು ಭಾಷೆಯಲ್ಲಿ. ಅಲ್ಲಿ ಒಂದೂ ನೆನಪಾಗಲಿಲ್ಲ. "ತುಂಬಾ ಹಾಕು ಮಾರಾಯ್ತಿ," ಎಂದೆ.

ಅಂಚು ಮುಟ್ಟುವವರೆಗೆ ಹಾಕಿದಳು. ಹೊರಜಗಲಿಯಲ್ಲಿ ಇಟ್ಟಳು. ಬೆಕ್ಕು ಬಾಯಿ ಹಾಕದಿರಲಿ ಎಂದು ನಾನೇ ಸ್ಟೀಲಿನ ತಟ್ಟೆ ಮುಚ್ಚಿ, ಮೇಲೆ ತೆಂಗಿನಕಾಯಿ ಇಟ್ಟೆ. ಒಳಗೆ ಬಂದು ಚಿಲಕ ಹಾಕಿದೆವು. ತೃಪ್ತಿ ಸೀರೆ ಕೂಡ ಬದಲಿಸದೆ ಮಲಗಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಗೊರಕೆ ಹೊಡೆದಳು.

ಕಾರಿನ ವಿಷಯಕ್ಕೆ ನನ್ನ ತಕರಾರಿಲ್ಲ. ಸೋಮವಾರ ಹಸೈನಾರ್ ಬಂದು ರೆಗ್ಯುಲೇಟರ್ ಹಾಕಿದರು. ಉಬ್ಬಿದ ಬ್ಯಾಟರಿ ಬಿಸಾಡಿ ಹೊಸತು ಕೂರಿಸಿದರು. "ಮದ್ದಿನ ಹಾಗೆ ಅಳೆದು ಹಾಕಿದ್ದಾ ನೀವು?" ಎಂದು ಬೈದರು. ಮೀಟರ್ ಹದಿನಾಲ್ಕು ಚಿಲ್ಲರೆ ತೋರಿಸಿತು. ಆ ಬ್ಯಾಟರಿ ಇವತ್ತಿಗೂ ಸರಿ ಉಂಟು.

ನಾನು ಹೇಳುವುದು ಲೋಟದ್ದು. ಬೆಳಿಗ್ಗೆ ಆರಕ್ಕೆ ಮೊದಲು ಎದ್ದವಳು ನಾನು. ಬಾಗಿಲಿನ ಚಿಲಕ ಹಾಕಿದ ಹಾಗೇ ಇತ್ತು. ತೆಂಗಿನಕಾಯಿ ಇಟ್ಟ ಹಾಗೇ ಇತ್ತು. ತಟ್ಟೆ ಎತ್ತಿದೆ. ಜಗಲಿಯಲ್ಲಿ ಒಂದು ಹನಿ ಚೆಲ್ಲಿರಲಿಲ್ಲ. ನೀವು ನಂಬಿ, ಬಿಡಿ... ನಾನು ಕಣ್ಣಾರೆ ಕಂಡದ್ದು. ನೀರು ಸರಿಯಾಗಿ ಕೆಂಪು ಗೆರೆಯ ಮಟ್ಟಕ್ಕೆ ನಿಂತಿತ್ತು. ಮೇಲಿನ ಅರ್ಧ ಇರಲಿಲ್ಲ.