ಸಾಹುಕಾರನ ತುಪ್ಪ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಜಿಪುಣನಲ್ಲ, ನೋಡಿ. ಜಿಪುಣನ ಕಥೆಯಾದರೆ ನೀವು ಪಕ್ಕದವರ ಮುಖ ನೋಡಿ ನಗುತ್ತೀರಿ. ಇವನು ಉದಾರಿ. ಪ್ರತಿವರ್ಷ ತಂದೆಯ ಪುಣ್ಯಸ್ಮರಣೆಗೆ ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಿದ್ದ. ತುಪ್ಪದ ಗಿಂಡಿಯನ್ನು ಮಾತ್ರ ಬೇರೆಯವರ ಕೈಗೆ ಕೊಡುವವನಲ್ಲ. ಪಂಕ್ತಿಯಲ್ಲಿ ತಾನೇ ಬಡಿಸಬೇಕು.

ಒಂದು ವರ್ಷ, ಪಕ್ಕದ ಓಣಿಯಲ್ಲೇ ಇದ್ದ ಅವನ ಒಡಹುಟ್ಟಿದ ತಮ್ಮ ಊಟಕ್ಕೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಸಾಹುಕಾರನಿಗೆ ಸಂಕಟವಾಯಿತು. ಅಪ್ಪನ ಹೆಸರಿನ ಊಟಕ್ಕೆ ಅಪ್ಪನ ಮಗನೇ ಇಲ್ಲವೆಂದರೆ ಆ ಹೋಳಿಗೆ ಯಾರಿಗೆ ರುಚಿಸೀತು? ಊಟಕ್ಕೆಂದು ಬಂದಿದ್ದ ತನ್ನ ಅಕ್ಕನನ್ನು ಕೇಳಿದ: "ಅವಗ ನಾ ಏನ ಕಡಿಮಿ ಮಾಡೇನಿ ಅಕ್ಕಾ? ನೀನ ಹೇಳು."

ಅಕ್ಕ ಎಲೆ ಹಾಕಿ, "ಕುಂದರು" ಎಂದಳು. ಹೋಳಿಗೆ ಇಟ್ಟಳು, ಗಿಂಡಿ ಹಿಡಿದು ಅವನ ಮುಂದೆ ಎದೆ ಸೆಟೆಸಿ ನಿಂತಳು. ನಾಲ್ಕು ಮನೆಗೆ ಕೇಳುವಂತೆ ಅಂದಳು: "ಉಣ್ಣಪಾ ಉಣ್ಣು, ನಾಚಬ್ಯಾಡ. ನಿಮ್ಮ ಮನ್ಯಾಗ ಇಂಥಾ ತುಪ್ಪ ಎಲ್ಲಿ ಬರಬೇಕು?"

ಸಾಹುಕಾರನ ತುತ್ತು ಬಾಯಲ್ಲೇ ನಿಂತಿತು.

"ನಾ ಹಿಂಗ ಅಂತೀನೇನು?"

"ಪ್ರತಿ ವರ್ಷ ತಮ್ಮಗ ಹಿಂಗ ಅಂತಿದ್ದಿ. ಚಾಷ್ಟಿ, ನಗಿಮಾತು ಅಂತ ತಿಳದೀ. ಅಂವ ಹೆಂಡ್ತಿ ಮಕ್ಕಳ ಮುಂದ ತಲಿ ತಗ್ಗಿಸಿ ಉಣತಿದ್ದ."

"ಮೊದಲ ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದ್ದಿ?"

ಅವತ್ತೇ ಅವನು ತಮ್ಮನ ಮನೆಗೆ ನಡೆದ. ಗಿಂಡಿ ಒಯ್ಯಲಿಲ್ಲ, ನೆನಪಿಡಿ, ಬರಿಗೈಲಿ ಹೋದ. "ಹಸದೀನಪಾ. ಏನೈತಿ ಅದನ್ನ ಬಡಸು" ಎಂದು ನೆಲದ ಮೇಲೆ ಕುಳಿತ. ತಮ್ಮ ಒಳಗೆ ಹೋಗಿ ರೊಟ್ಟಿ ತಂದ, ಎರಡು ತಾಟು ಇಟ್ಟ, ಅಣ್ಣನ ಪಕ್ಕದಲ್ಲಿ ತಾನೂ ಕುಳಿತ.

ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಾವು ತುಪ್ಪ ಬಡಿಸುವವರಲ್ಲ ಅಂತೀರಿ. ಸರಿ. ಸೊಸೆಗೆ ಸೀರೆ ಕೊಡಿಸುವಾಗ ಏನಂದಿರಿ? ಮಗನ ಫೀಸು ಕಟ್ಟುವಾಗ ಏನಂದಿರಿ? ನಿಮಗೆ ನೆನಪಿಲ್ಲ. ಅವರಿಗೆ ನೆನಪಿದೆ.

ಈಗ ಮನೆಗೆ ಹೋಗಿ. ಊಟಕ್ಕೆ ಕೂತಾಗ ಮನೆಯವರನ್ನು ಕೇಳಿ, 'ನನ್ನ ಮಾತು ನಿಮಗೆ ಎಲ್ಲಿ ಚುಚ್ಚುತ್ತದೆ?' ಅಂತ. ಕೇಳಿ, ಸುಮ್ಮನಿರಿ. 'ನಾನು ಹಾಗಂದೇ ಇಲ್ಲ' ಎನ್ನಬೇಡಿ. ಅವರು ಹೇಳುವಾಗ ತುತ್ತು ಗಂಟಲಲ್ಲಿ ಇಳಿಯದಿದ್ದರೆ, ಇಷ್ಟು ದಿನ ಅವರು ಅದನ್ನು ಹೇಗೆ ನುಂಗಿದರು ಎಂದು ಒಮ್ಮೆ ನೆನೆಯಿರಿ.